ಫೋಟೊ ಚೆನ್ನಾಗಿದೆ, ಮನೆ ಎಲ್ಲಿ?

ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಿಂದ ಮೈಸೂರಿಗೋ ಧಾರವಾಡಕ್ಕೋ ಒಂದು ಫೋಟೊ ಹೊರಡುತ್ತದೆ. ಹೊಸ ಲಂಗ ತೊಟ್ಟ ಮಗು, ಮುಖದ ಮೇಲೆ ಒಳ್ಳೆಯ ಬೆಳಕು, ಹಿಂದೆಲ್ಲ ನಯವಾದ ಮಸುಕು. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳುಗಳೂ ಕೆಂಪು ಹೃದಯಗಳೂ ಸಾಲುಗಟ್ಟುತ್ತವೆ. ‘ಸೂಪರ್’ ಅಂತ ಚಿಕ್ಕಪ್ಪ, ‘ಸೋ ಕ್ಯೂಟ್’ ಅಂತ ಅತ್ತಿಗೆ, ‘ದೃಷ್ಟಿ ತೆಗೀರಮ್ಮ’ ಅಂತ ಅಜ್ಜಿ. ಸಂಜೆಯಾಗುವುದರೊಳಗೆ ಇನ್ಯಾರದೋ ಗೃಹಪ್ರವೇಶದ ನಲವತ್ತು ಫೋಟೊ ಬಂದು ಬೀಳುತ್ತವೆ, ಮಗುವಿನ ಫೋಟೊ ಮೇಲೆಲ್ಲೋ ಕಳೆದುಹೋಗುತ್ತದೆ. ಇದರಲ್ಲಿ ಯಾರದೂ ತಪ್ಪಿಲ್ಲ. ಆದರೂ ಇಲ್ಲಿ ಏನೋ ಕೈತಪ್ಪುತ್ತಿದೆ. ಮನೆಮಂದಿ, ಗೆಳೆಯರು ಒಬ್ಬರ ಫೋಟೊದ ಬಗ್ಗೆ ಇನ್ನೊಬ್ಬರು ನೇರವಾಗಿ ಮಾತಾಡುವುದನ್ನು ಬಿಟ್ಟಿರುವುದು ಒಂದು ನಷ್ಟ. ಮಾತಾಡುವ ಕೆಲವರೂ ಕ್ಯಾಮೆರಾ ಕ್ಲಬ್ಬಿನಿಂದ ಎರವಲು ತಂದ ಅಳತೆಗೋಲು ಹಿಡಿದು ಮಾತಾಡುತ್ತಿರುವುದು ಅದಕ್ಕಿಂತ ದೊಡ್ಡ ನಷ್ಟ. ಯಾವ ಕ್ಲಬ್ಬಿಗೂ ಗೊತ್ತಿಲ್ಲದ ಸಂಗತಿಗಳು ಮನೆಯವರಿಗೆ ಗೊತ್ತಿರುತ್ತವೆ. ಅವರು ಟೀಕಿಸಬೇಕಾದದ್ದು ಆ ತಿಳಿವಳಿಕೆಯಿಂದ ಎಂಬುದು ಈ ಲೇಖನದ ವಾದ.

ಹೊಗಳಿಕೆ ಇಷ್ಟು ಅಗ್ಗವಾದದ್ದಕ್ಕೆ ಕಾರಣ ನಮ್ಮ ಸ್ವಭಾವವಷ್ಟೇ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶವನ್ನು ಒತ್ತಿ ಹಿಡಿದು ಚಿಹ್ನೆ ಅಂಟಿಸುವ ಸೌಲಭ್ಯ ಬಂದದ್ದು 2022ರಲ್ಲಿ. ಅದಕ್ಕೂ ಮುಂಚೆ ಒಂದು ಪದವನ್ನೋ ಚಿಹ್ನೆಯನ್ನೋ ಪ್ರತ್ಯೇಕವಾಗಿ ಟೈಪ್ ಮಾಡಬೇಕಿತ್ತು, ಟೈಪ್ ಮಾಡಲು ಫೋಟೊವನ್ನು ಕೊಂಚ ನೋಡಬೇಕಿತ್ತು. ಈಗ ನೋಡದೆಯೂ ಮೆಚ್ಚಬಹುದು. ಇನ್ನೊಂದು ಗೊಂದಲವೂ ಇದೆ. ಮನೆಗೆ ಬರುವ ಪ್ರತಿ ಫೋಟೊದಲ್ಲಿ ಎರಡು ಮಾತು ಅಡಗಿರುತ್ತವೆ: ‘ನಾವು ಇಲ್ಲಿ ಚೆನ್ನಾಗಿದ್ದೇವೆ’ ಎಂಬುದೊಂದು, ‘ಈ ಚಿತ್ರ ಹೇಗಿದೆ ನೋಡಿ’ ಎಂಬುದು ಇನ್ನೊಂದು. ಹೆಬ್ಬೆರಳು ಉತ್ತರ ಕೊಡುವುದು ಮೊದಲನೆಯ ಮಾತಿಗೆ. ಅದು ಸರಿಯಾದ ಉತ್ತರವೇ. ಆದರೆ ತೆಗೆದವನು ಅದನ್ನು ಎರಡನೆಯದಕ್ಕೆ ಸಿಕ್ಕ ಉತ್ತರವೆಂದು ತಿಳಿದು ಮುಂದಿನ ಸಲವೂ ಹಾಗೆಯೇ ತೆಗೆಯುತ್ತಾನೆ. ನೂರು ‘ಸೂಪರ್’ ಬಂದರೂ ಅವನಿಗೆ ತನ್ನ ಫೋಟೊದ ಬಗ್ಗೆ ಹೊಸದೇನೂ ತಿಳಿದಿರುವುದಿಲ್ಲ.

ಟೀಕೆಯ ಶಿಸ್ತು ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಹವ್ಯಾಸಿ ಛಾಯಾಗ್ರಹಣಕ್ಕೆ ಬೆಂಗಳೂರಿನಷ್ಟು ಗಟ್ಟಿ ನೆಲೆ ಕೊಟ್ಟ ಊರುಗಳು ದೇಶದಲ್ಲಿ ಕಡಿಮೆ. ವೃತ್ತಿಯಲ್ಲಿ ವೈದ್ಯರಾಗಿದ್ದ ಡಾ. ಜಿ. ಥಾಮಸ್ ಇಲ್ಲಿದ್ದುಕೊಂಡೇ ಇಡೀ ದೇಶದ ಹವ್ಯಾಸಿಗಳನ್ನು ಒಂದುಗೂಡಿಸುವ ಒಕ್ಕೂಟವನ್ನು ಬೆಳೆಸಿದರು. ಸಿ. ರಾಜಗೋಪಾಲ್ ಅವರ ಕಪ್ಪು-ಬಿಳುಪು ಚಿತ್ರಗಳು, ಇ. ಹನುಮಂತರಾವ್ ಮತ್ತು ಟಿ.ಎನ್.ಎ. ಪೆರುಮಾಳ್ ಅವರ ಕಾಡುಜೀವಿಗಳು ಹೊರದೇಶಗಳ ಸಲೂನ್‌ಗಳಲ್ಲಿ ಮನ್ನಣೆ ಪಡೆದವು. 1971ರಲ್ಲಿ ಶುರುವಾದ ಯೂತ್ ಫೊಟೊಗ್ರಾಫಿಕ್ ಸೊಸೈಟಿ ಇಂದಿಗೂ ನಡೆಯುತ್ತಿದೆ. ಸಲೂನ್ ಎಂದರೆ ಕೂದಲು ಕತ್ತರಿಸುವ ಅಂಗಡಿ ಎಂದುಕೊಂಡವರಿಗಾಗಿ ಹೇಳುವುದಾದರೆ, ಅದು ಚಿತ್ರಗಳನ್ನು ಆಹ್ವಾನಿಸಿ ತೀರ್ಪು ಕೊಡುವ ಸ್ಪರ್ಧೆ. ತೆಗೆದವರ ಹೆಸರು ತೀರ್ಪುಗಾರರಿಗೆ ಗೊತ್ತಾಗುವುದಿಲ್ಲ. ಪರದೆಯ ಮೇಲೆ ಚಿತ್ರವೊಂದು ಕೆಲವೇ ಸೆಕೆಂಡು ನಿಲ್ಲುತ್ತದೆ, ಅಂಕ ಬೀಳುತ್ತದೆ, ಮುಂದಿನದು ಬರುತ್ತದೆ. ಮುಲಾಜಿಗೆ ಅಲ್ಲಿ ಜಾಗವಿಲ್ಲ. ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ, ಆ ಮನ್ನಣೆಯನ್ನು ಕಿತ್ತುಕೊಳ್ಳುವ ಉದ್ದೇಶ ಇಲ್ಲಿಲ್ಲ.

ಆದರೆ ಕೆಲವೇ ಸೆಕೆಂಡಿನಲ್ಲಿ, ಯಾರೆಂದು ಗೊತ್ತಿಲ್ಲದವರ ಮುಂದೆ ಗೆಲ್ಲಬೇಕಾದ ಚಿತ್ರ ಒಂದೇ ಏಟಿಗೆ ಅರ್ಥವಾಗಬೇಕು. ಆದ್ದರಿಂದಲೇ ಕ್ಲಬ್ಬಿನ ಮೊದಲ ಪಾಠ ‘ಹಿನ್ನೆಲೆ ಶುಚಿಯಾಗಿರಲಿ’ ಎಂಬುದು. ಕಣ್ಣನ್ನು ಎಳೆಯುವ ಕಂಬ, ತಂತಿ, ಬಕೆಟ್ಟು, ಒಣಹಾಕಿದ ಬಟ್ಟೆ ಎಲ್ಲ ಹೊರಹೋಗಬೇಕು. ಪ್ರಕೃತಿ ವಿಭಾಗದಲ್ಲಂತೂ ಮನುಷ್ಯನ ಕುರುಹೇ ಸಾಮಾನ್ಯವಾಗಿ ನಿಷಿದ್ಧ. ರಂಗನತಿಟ್ಟಿನ ಹೆಜ್ಜಾರ್ಲೆಯ ಪಕ್ಕ ಅಂಬಿಗನ ಹುಟ್ಟು ಕಾಣಿಸಿದರೆ ಚಿತ್ರ ಹೊರಗೆ. ಸ್ಪರ್ಧೆಗೆ ಇದು ಒಪ್ಪುವ ನಿಯಮ. ತೊಂದರೆ ಆರಂಭವಾದದ್ದು ಈ ನಿಯಮ ಕ್ಲಬ್ಬಿನ ಬಾಗಿಲು ದಾಟಿ ಮನೆಯ ನಡುಮನೆಗೆ ಬಂದಾಗ. 2016ರಲ್ಲಿ ಐಫೋನ್ 7 ಪ್ಲಸ್ ಪೋರ್ಟ್ರೇಟ್ ಮೋಡ್ ಹೊತ್ತು ತಂದಿತು, ಬಹುಬೇಗ ಅಗ್ಗದ ಫೋನುಗಳಿಗೂ ಅದು ಬಂತು. ಇಲ್ಲಿ ಒಂದು ತಾಂತ್ರಿಕ ಸೂಕ್ಷ್ಮ ಗಮನಿಸಬೇಕು. ಫೋನಿನ ಪುಟ್ಟ ಸೆನ್ಸರ್ ಮತ್ತು ಲೆನ್ಸು ತಮ್ಮಷ್ಟಕ್ಕೆ ತಾವು ಹತ್ತಿರದ್ದನ್ನೂ ದೂರದ್ದನ್ನೂ ಹೆಚ್ಚುಕಡಿಮೆ ಸ್ಪಷ್ಟವಾಗಿಯೇ ತೋರಿಸುತ್ತವೆ. ಮಸುಕು ಬರುವುದು ಆಮೇಲೆ, ಸಾಫ್ಟ್‌ವೇರ್ ಲೆಕ್ಕ ಹಾಕಿ ಬಳಿದದ್ದು. ಅಂದರೆ ಕ್ಯಾಮೆರಾ ಕಂಡದ್ದನ್ನು ನಾವೇ ಹೇಳಿ ಅಳಿಸುತ್ತಿದ್ದೇವೆ. ಈಗ ಪ್ರತಿ ಗುಂಪಿನಲ್ಲೂ ಯೂಟ್ಯೂಬ್ ನೋಡಿ ಪಳಗಿದ ಒಬ್ಬ ಸೋದರಮಾವ ಇರುತ್ತಾರೆ. ‘ಬ್ಯಾಕ್‌ಗ್ರೌಂಡ್ ಬ್ಲರ್ ಮಾಡು’, ‘ರೂಲ್ ಆಫ್ ಥರ್ಡ್ಸ್ ಪಾಲಿಸು’ ಎಂದು ಅವರು ಕೊಡುವ ಸಲಹೆಯನ್ನು ಯಾವ ಅಪರಿಚಿತನಾದರೂ ಕೊಡಬಲ್ಲ. ಸೋದರಮಾವನೇ ಆಗಿರಬೇಕಾದ ಅಗತ್ಯ ಅದಕ್ಕಿಲ್ಲ.

ಹಿನ್ನೆಲೆಯ ಬೆಲೆ ಏನೆಂದು ತಿಳಿಯಲು ಕಿದ್ವಾಯಿ ನಗರಕ್ಕಿಂತ ತಕ್ಕ ಜಾಗ ಇಲ್ಲ. ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಈ ಬಡಾವಣೆ ದಕ್ಷಿಣ ದೆಹಲಿಯಲ್ಲಿ, ರಿಂಗ್ ರೋಡಿನ ಬದಿಗೆ, ಅರಬಿಂದೋ ಮಾರ್ಗದ ಎರಡೂ ಮಗ್ಗುಲಿಗೆ ಹರಡಿದೆ. ಹತ್ತಿರದಲ್ಲೇ ಐಎನ್‌ಎ ಮಾರ್ಕೆಟ್, ದಿಲ್ಲಿ ಹಾಟ್, ರಸ್ತೆಯಾಚೆ ಏಮ್ಸ್. ದೇಶದ ಎಲ್ಲ ಮೂಲೆಗಳಿಂದ ಬಂದ ಸರ್ಕಾರಿ ನೌಕರರ ಕುಟುಂಬಗಳು ಬಾಳಿದ ಊರು ಇದು. ಲೋದಿ ಎಸ್ಟೇಟಿನ ಕನ್ನಡ ಶಾಲೆಗೆ, ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿಬರುವ ಕನ್ನಡಿಗರ ಬದುಕು ನಡೆದದ್ದೂ ಇಂಥ ಸರ್ಕಾರಿ ಬಡಾವಣೆಗಳಲ್ಲೇ. ಪೂರ್ವ ಭಾಗದಲ್ಲಿದ್ದ ಕಡಿಮೆ ಎತ್ತರದ ಹಳೆಯ ಕ್ವಾರ್ಟರ್ಸ್‌ಗಳು, ಅವುಗಳ ಮುಂದಿನ ಹುಲ್ಲುಹಾಸು, ಹಿಂದಿನ ಓಣಿ ಈಗ ಇಲ್ಲ. ಸುಮಾರು 86 ಎಕರೆ ಜಾಗವನ್ನು ಎನ್‌ಬಿಸಿಸಿ ಎಂಬ ಸರ್ಕಾರಿ ನಿರ್ಮಾಣ ಸಂಸ್ಥೆ ಹೊಸದಾಗಿ ಕಟ್ಟಿತು. ಎತ್ತರದ ಗೋಪುರಗಳು, ವಾಣಿಜ್ಯ ಕಟ್ಟಡಗಳು ಎದ್ದವು. ಹೊಸ ಮನೆಗಳಲ್ಲಿ ಲಿಫ್ಟಿದೆ, ಕಾರು ನಿಲ್ಲಿಸಲು ತಾವಿದೆ, ಅವು ಕೆಟ್ಟವೆಂದು ಯಾರೂ ಹೇಳಲಾರರು. ಆದರೆ ಹಳೆಯ ಕ್ವಾರ್ಟರ್ಸ್‌ನಲ್ಲಿ ಬಾಲ್ಯ ಕಳೆದವರಿಗೆ ಅದು ಹೇಗಿತ್ತೆಂದು ಮಕ್ಕಳಿಗೆ ತೋರಿಸಲು ಈಗ ಉಳಿದಿರುವುದು ಆಲ್ಬಮ್ ಮಾತ್ರ.

ಆ ಆಲ್ಬಮ್‌ಗಳಲ್ಲಿ ಕ್ವಾರ್ಟರ್ಸ್ ಉಳಿದುಕೊಂಡದ್ದು ಹೇಗೆ? ಯಾರ ದೂರದೃಷ್ಟಿಯಿಂದಲೂ ಅಲ್ಲ. ಅರವತ್ತು, ಎಪ್ಪತ್ತರ ದಶಕದ ಮಧ್ಯಮವರ್ಗದ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾಗೆ ಫೋಕಸ್ ತಿರುಗಿಸುವ ಉಂಗುರವೇ ಇರಲಿಲ್ಲ. ಒಂದು ರೋಲಿಗೆ ಹನ್ನೆರಡು ಚಿತ್ರ. ಹತ್ತಡಿ ಆಚೆಗಿನದೆಲ್ಲ ಒಂದೇ ರೀತಿ ಸ್ಪಷ್ಟ. ಮನೆಯೊಳಗೆ ಬೆಳಕು ಸಾಲದೆ ಎಲ್ಲರನ್ನೂ ಅಂಗಳಕ್ಕೆ ಕರೆದು ನಿಲ್ಲಿಸಬೇಕಿತ್ತು. ಎಂಬತ್ತರ ದಶಕದಲ್ಲಿ ‘ಖಟಾಕ್’ ಎಂಬ ಜಾಹೀರಾತಿನೊಂದಿಗೆ ಮನೆಮಾತಾದ ಹಾಟ್‌ಶಾಟ್ ಕೂಡ ಗುರಿಯಿಟ್ಟು ಒತ್ತುವ ಕ್ಯಾಮೆರಾವೇ. ಹೀಗೆ ಹಬ್ಬದ ಸೀರೆಯುಟ್ಟ ಅಮ್ಮನ ಹಿಂದೆ ಬಾಗಿಲ ಮೇಲಿನ ಕ್ವಾರ್ಟರ್ ಸಂಖ್ಯೆ, ಕಿಟಕಿಯ ಕೂಲರ್, ಬೇವಿನ ಮರದ ಬುಡ, ನೆರೆಯವರ ಸ್ಕೂಟರ್ ಎಲ್ಲ ಬಂದು ಕುಳಿತವು. ಸಲೂನಿನ ತೀರ್ಪುಗಾರ ಈ ಫೋಟೊಗೆ ಕನಿಷ್ಠ ಅಂಕ ಕೊಡುತ್ತಿದ್ದ, ಕೊಟ್ಟರೆ. ಅಂದು ಅಡ್ಡಿಯೆನಿಸಿದ ವಸ್ತುಗಳನ್ನೇ ಇಂದು ಮನೆಯವರು ಭೂತಗನ್ನಡಿ ಹಿಡಿದು ಹುಡುಕುತ್ತಾರೆ. ಅಮ್ಮನ ಮುಖ ಬೇರೆ ಫೋಟೊಗಳಲ್ಲೂ ಸಿಗುತ್ತದೆ, ಆ ಬಾಗಿಲು ಸಿಗುವುದಿಲ್ಲ.

ಇದೇ ಪೂರ್ವ ಕಿದ್ವಾಯಿ ನಗರದ ಒಳಗೆ ದರಿಯಾ ಖಾನ್ ಲೋಹಾನಿಯ ಗೋರಿಯಿದೆ. ಲೋದಿ ಕಾಲದ್ದು, ಎತ್ತರದ ಜಗಲಿ, ಮೂಲೆಗಳಲ್ಲಿ ಗುಮ್ಮಟದ ಛತ್ರಿಗಳು. ಪುರಾತತ್ವ ಇಲಾಖೆಯ ರಕ್ಷಣೆ ಅದಕ್ಕಿದೆ, ನಕ್ಷೆಗಳಿವೆ, ದಾಖಲೆಗಳಿವೆ. ಸುತ್ತ ಗೋಪುರಗಳು ಎದ್ದರೂ ಅದನ್ನು ಯಾರೂ ಕೆಡವುವಂತಿಲ್ಲ. ಅದರ ಮಗ್ಗುಲಲ್ಲೇ ದಶಕಗಳ ಕಾಲ ಸಾವಿರಾರು ಗುಮಾಸ್ತರು, ಸ್ಟೆನೊಗಳು, ಸೆಕ್ಷನ್ ಆಫೀಸರುಗಳು ಬದುಕಿದ ಮನೆಗಳಿಗೆ ಅಂಥ ಕಾವಲಿರಲಿಲ್ಲ, ಇರಬೇಕಿತ್ತೆಂದೂ ಅಲ್ಲ. ಸರ್ಕಾರಿ ಮನೆ ಯಾರ ಆಸ್ತಿಯೂ ಅಲ್ಲ. ಎಸ್ಟೇಟ್ ನಿರ್ದೇಶನಾಲಯ ಕೊಟ್ಟದ್ದನ್ನು ನಿವೃತ್ತಿಯಾದ ಕೆಲವೇ ತಿಂಗಳಲ್ಲಿ ಮರಳಿಸಬೇಕು. ಇಂಥ ಮನೆಯ ಏಕೈಕ ದಾಖಲೆಗಾರ ಅದರಲ್ಲಿ ವಾಸಿಸಿದ ಹವ್ಯಾಸಿ. ಈ ಕಥೆ ಕಿದ್ವಾಯಿ ನಗರಕ್ಕೆ ಮುಗಿಯಲೂ ಇಲ್ಲ. ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ, ಕಸ್ತೂರ್ಬಾ ನಗರ, ತ್ಯಾಗರಾಜ ನಗರ, ಶ್ರೀನಿವಾಸಪುರಿ, ಮೊಹಮ್ಮದ್‌ಪುರ ಎಂಬ ಏಳು ಬಡಾವಣೆಗಳ 12,970 ಮನೆಗಳ ಜಾಗದಲ್ಲಿ 25,667 ಮನೆಗಳನ್ನು ಕಟ್ಟಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. 2018ರಲ್ಲಿ ಮರ ಕಡಿಯುವುದರ ವಿರುದ್ಧ ಜನ ಬೀದಿಗಿಳಿದರು, ಹೈಕೋರ್ಟ್ ತಡೆ ಕೊಟ್ಟಿತು. ಆ ಬೇಸಿಗೆಯಲ್ಲಿ ಮರಗಳನ್ನು ತಬ್ಬಿ ನಿಂತವರ ಫೋಟೊ ಪತ್ರಿಕೆಗಳಲ್ಲಿ ಬಂದವು. ಅದೇ ಮರಗಳ ಕೆಳಗೆ ಮಕ್ಕಳು ಸೈಕಲ್ ಕಲಿತ ಫೋಟೊಗಳು ಎಷ್ಟು ಮನೆಗಳಲ್ಲಿವೆಯೋ ಅಷ್ಟೇ ಆ ಬಡಾವಣೆಯ ನಿತ್ಯಜೀವನದ ದಾಖಲೆ.

ಹಾಗಾದರೆ ಮನೆಯವರ ಟೀಕೆ ಹೇಗಿರಬೇಕು? ಒಳ್ಳೆಯ ಮಾದರಿ ನಮ್ಮ ಅಜ್ಜಿಯಂದಿರ ಬಾಯಲ್ಲೇ ಇದೆ, ನಾವು ಅದನ್ನು ಟೀಕೆಯೆಂದು ಎಣಿಸುವುದಿಲ್ಲ ಅಷ್ಟೆ. ‘ಇದು ಅವನ ಥರಾನೇ ಇಲ್ವಲ್ಲೋ’ ಎನ್ನುವುದು ಹೋಲಿಕೆಯ ಟೀಕೆ. ಬೆಳಕು, ಕೋನ, ಫಿಲ್ಟರ್ ಸೇರಿ ಮುಖವೊಂದನ್ನು ಸುಂದರಗೊಳಿಸುತ್ತ ಅದನ್ನು ಬೇರೆಯವರದಾಗಿಸಿದೆ ಎಂದು ಹೇಳಲು ಆ ಮುಖವನ್ನು ನಲವತ್ತು ವರ್ಷ ನೋಡಿರಬೇಕು. ‘ಎಲ್ಲರೂ ಇದ್ದೀರಿ, ಅವಳೆಲ್ಲಿ?’ ಎನ್ನುವುದು ಗೈರುಹಾಜರಿಯ ಟೀಕೆ. ಅಡುಗೆಮನೆಯಲ್ಲಿ ಉಳಿದ ಸೊಸೆ, ಸದಾ ಕ್ಯಾಮೆರಾದ ಹಿಂದೆಯೇ ಇರುವ ಅಪ್ಪ, ಗುಂಪು ಫೋಟೊದ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಕೆಲಸದಾಕೆ ಸಲೂನಿನ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಅಲ್ಲಿರಬೇಕಾದವರು ಯಾರೆಂದೇ ಅದಕ್ಕೆ ತಿಳಿಯದು. ‘ಹಿಂದಿರೋದು ಯಾವ ಮನೆ?’ ಎನ್ನುವುದು ಜಾಗದ ಟೀಕೆ. ಇಂಥ ಪ್ರಶ್ನೆಗಳು ಹುಟ್ಟುವುದು ನಮ್ಮಲ್ಲಷ್ಟೇ ಅಲ್ಲ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ಹವ್ಯಾಸಿ ಛಾಯಾಗ್ರಹಣವನ್ನು ಅಧ್ಯಯನ ಮಾಡಿ 1965ರಲ್ಲಿ ಸಹೋದ್ಯೋಗಿಗಳೊಂದಿಗೆ ಪುಸ್ತಕ ತಂದರು. ಸಾಮಾನ್ಯ ಜನ ಫೋಟೊ ನೋಡಿದೊಡನೆ ಇದು ಯಾರದು, ಯಾತಕ್ಕೆ ತೆಗೆದದ್ದು ಎಂದು ಕೇಳುತ್ತಾರೆ, ಉಪಯೋಗ ತಿಳಿಯದೆ ಅಂದ ನಿರ್ಣಯಿಸುವುದಿಲ್ಲ ಎಂಬುದು ಅವರು ಕಂಡ ಸಂಗತಿ. ಅವರು ಇದನ್ನು ಹೆಚ್ಚಾಗಿ ವರ್ಗದ ಅಭಿರುಚಿಯೆಂದು ಓದಿದರು. ಅದು ಅಭಿರುಚಿಯಷ್ಟೇ ಅಲ್ಲ, ಒಂದು ಬಗೆಯ ಜ್ಞಾನವೂ ಹೌದು ಎಂದು ನನಗನಿಸುತ್ತದೆ.

ಆ ಜ್ಞಾನ ಜೊತೆಗಿದ್ದಾಗ ಮನೆಯ ಫೋಟೊ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಿದರ್ಶನಗಳಿವೆ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ (1870–1954) ದಶಕಗಟ್ಟಲೆ ತಮ್ಮನ್ನೂ ಹೆಂಡತಿ-ಮಕ್ಕಳನ್ನೂ ತಾವಿದ್ದ ಕೋಣೆಗಳನ್ನೂ ಫೋಟೊಗಳಲ್ಲಿ ಸೆರೆಹಿಡಿದರು, ಹವ್ಯಾಸಿಯಾಗಿಯೇ. ಮೊಮ್ಮಗ ವಿವಾನ್ ಸುಂದರಂ ಅವನ್ನು ಹೊರಜಗತ್ತಿಗೆ ತಂದಾಗ ಜನ ಬೆರಗಾದರು. 2010ರಲ್ಲಿ ಅನುಷಾ ಯಾದವ್ ಆರಂಭಿಸಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಕುಟುಂಬಗಳ ಹಳೆಯ ಫೋಟೊಗಳನ್ನು ಕಲೆಹಾಕುತ್ತದೆ. ಪ್ರತಿ ಫೋಟೊದ ಜೊತೆ ಮನೆಯವರೇ ಹೇಳಿದ ವಿವರ ಇರುವುದರಿಂದ ಅದು ಇತಿಹಾಸವಾಗುತ್ತದೆ. ವೃತ್ತಿಪರರ ಪೈಕಿ ನಮ್ಮವರೇ ಆದ ಟಿ.ಎಸ್. ಸತ್ಯನ್ (1923–2009) ಅವರನ್ನು ನೆನೆಯಬೇಕು. ಮೈಸೂರಿನ ಈ ಪತ್ರಿಕಾ ಛಾಯಾಗ್ರಾಹಕ ವರ್ಷಗಟ್ಟಲೆ ದೆಹಲಿಯಲ್ಲಿ ನೆಲೆಸಿ ಕೆಲಸ ಮಾಡಿದವರು. 1977ರಲ್ಲಿ ಪದ್ಮಶ್ರೀ ಬಂತು. ಅವರ ಚಿತ್ರಗಳ ಮಕ್ಕಳು, ಕೂಲಿಗಳು, ಹೆಂಗಸರು ತಮ್ಮ ತರಗತಿಯಲ್ಲಿ, ಬೀದಿಯಲ್ಲಿ, ಹೊಸ್ತಿಲಲ್ಲಿ ಇರುತ್ತಾರೆ. ಸುತ್ತಲಿನ ಜಗತ್ತನ್ನು ಒರೆಸಿಹಾಕದೆಯೂ ಚಿತ್ರ ಕಟ್ಟಬಹುದು ಎಂಬುದಕ್ಕೆ ಅವರ ಕೆಲಸವೇ ಪುರಾವೆ. ಹಿನ್ನೆಲೆ ಉಳಿಸಿಕೊಂಡರೆ ಫೋಟೊ ಗಲೀಜಾಗುತ್ತದೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಪಾಸ್‌ಪೋರ್ಟಿಗೆ, ಮದುವೆಯ ಪ್ರಸ್ತಾಪಕ್ಕೆ ಕಳಿಸುವ ಭಾವಚಿತ್ರದ ಮಾತು ಬೇರೆ, ಅಲ್ಲಿ ಮುಖವಷ್ಟೇ ಸಾಕು.

ಮನೆಯೇನು ಕಲಾಶಾಲೆಯೇ, ಪ್ರೀತಿಯಿಂದ ಕಳಿಸಿದ್ದಕ್ಕೆ ತಪ್ಪು ಹುಡುಕಿದರೆ ನಾಳೆ ಕಳಿಸುವುದನ್ನೇ ನಿಲ್ಲಿಸಿಯಾರು ಎಂಬ ಆಕ್ಷೇಪ ಹಗುರವಾದದ್ದಲ್ಲ. ಹೊಸದಾಗಿ ಫೋನ್ ಹಿಡಿಯಲು ಕಲಿತ ಅತ್ತೆಯ ದಾಸವಾಳದ ಫೋಟೊಗೆ ಎಕ್ಸ್‌ಪೋಷರ್ ಪಾಠ ಹೇಳುವುದು ಅಧಿಕಪ್ರಸಂಗವೇ ಸರಿ. ಆದರೆ ನೋವಾಗುವುದು ಕೈಚಳಕವನ್ನು ಅಳೆದಾಗ. ‘ಈ ದಾಸವಾಳ ಹಿತ್ತಲಿಂದೋ, ಮೊನ್ನೆ ನೆಟ್ಟಿದ್ದೋ? ಗಿಡ ಪೂರ್ತಿ ಬರೋ ಹಾಗೆ ಇನ್ನೊಂದು ತೆಗೀರಲ್ಲ’ ಎಂದರೆ ಅದೂ ಟೀಕೆಯೇ, ಫೋಟೊದಲ್ಲಿ ಏನು ಇಲ್ಲವೆಂಬುದನ್ನೇ ಅದು ಹೇಳುತ್ತಿದೆ. ಆದರೂ ಯಾರ ಮುಖವೂ ಸಪ್ಪಗಾಗುವುದಿಲ್ಲ. ಪ್ರಶ್ನೆ ಕೇಳಿದವರು ಫೋಟೊವನ್ನು ನಿಜವಾಗಿ ನೋಡಿದ್ದಾರೆಂದು ಕಳಿಸಿದವರಿಗೆ ಗೊತ್ತಾಗುತ್ತದೆ. ಒಂದು ಸರಳ ಪ್ರಶ್ನೆಯಿಂದ ಸಿಗುವ ಈ ಸಂತೋಷ ಹತ್ತು ಹೃದಯಚಿಹ್ನೆಗಳಿಂದ ಸಿಗದು. ಗೆಳೆಯರ ನಡುವೆಯಾದರೆ ಸ್ವಲ್ಪ ಖಾರಕ್ಕೂ ಅವಕಾಶವಿದೆ, ಅಲ್ಲಿ ಅಳುಕಬೇಕಿಲ್ಲ.

ಎರಡನೆಯ ಆಕ್ಷೇಪ ಸಂಖ್ಯೆಯದು. ಒಬ್ಬೊಬ್ಬರ ಫೋನಿನಲ್ಲೂ ಸಾವಿರಾರು ಫೋಟೊ ಇರುವಾಗ, ಯಾವುದರಲ್ಲೋ ಮನೆ ಬಂದೇ ಬಂದಿರುತ್ತದೆ, ಪ್ರತ್ಯೇಕವಾಗಿ ತಲೆಕೆಡಿಸಿಕೊಳ್ಳುವುದೇಕೆ? ಬಂದಿರುತ್ತದೆ, ನಿಜ. ಆದರೆ ಸಾವಿರಾರರಲ್ಲಿ ಅದು ಯಾವುದು, ಎಲ್ಲಿಯದು, ಯಾವಾಗಿನದು ಎಂದು ತಿಳಿದವರು ಇರುವವರೆಗೆ ಮಾತ್ರ ಅದಕ್ಕೆ ಬೆಲೆ. ಹನ್ನೆರಡು ಚಿತ್ರದ ರೋಲಿನ ಕಾಲದಲ್ಲಿ ಪ್ರಿಂಟ್ ಬಂದ ದಿನ ಮನೆಯವರೆಲ್ಲ ಸುತ್ತ ಕುಳಿತು ಒಂದೊಂದನ್ನೂ ಕೈಯಿಂದ ಕೈಗೆ ದಾಟಿಸುತ್ತ ಮಾತಾಡುತ್ತಿದ್ದರು, ಆಲ್ಬಮ್ಮಿಗೆ ಯಾವುದು, ಊರಿಗೆ ಕಳಿಸಲು ಯಾವುದು ಎಂದು ಜಗಳವಾಡಿ ಆರಿಸುತ್ತಿದ್ದರು. ಟೀಕೆ ಎಂಬುದು ಆ ಆಯ್ಕೆಯ ಹೆಸರು. ಈಗ ನಲವತ್ತನ್ನೂ ಒಟ್ಟಿಗೆ ಸುರಿದು ಆರಿಸುವ ಕೆಲಸವನ್ನು ನೋಡುವವರ ತಲೆಗೆ ಕಟ್ಟುತ್ತೇವೆ, ಅವರೂ ಮಾಡುವುದಿಲ್ಲ. ಮೂರು ಫೋಟೊ ಕಳಿಸಿ ‘ಇದರಲ್ಲಿ ಯಾವುದನ್ನು ಉಳಿಸಲಿ, ಯಾಕೆ?’ ಎಂದು ಕೇಳಿದರೆ ಗುಂಪಿನಲ್ಲಿ ಮಾತು ತಾನಾಗಿ ಹುಟ್ಟುತ್ತದೆ.

ನನ್ನ ವಾದಕ್ಕೆ ನಿಜವಾಗಿ ಅಂಕುಶ ಹಾಕುವ ಆಕ್ಷೇಪ ಮೂರನೆಯದು, ಸುರಕ್ಷತೆಯದು. ಮನೆಯ ಸಂಖ್ಯೆ, ಶಾಲೆಯ ಸಮವಸ್ತ್ರ, ಬಡಾವಣೆಯ ಗೇಟು ಕಾಣುವ ಮಗುವಿನ ಫೋಟೊ ಯಾರ ಕೈಗೆ ಸಿಗುತ್ತದೆಂದು ಹೇಳಲಾಗದು. ಸಾರ್ವಜನಿಕವಾಗಿ ಹಾಕುವ ಚಿತ್ರದಲ್ಲಿ ಹಿನ್ನೆಲೆ ಮರೆಮಾಡುವ ಪೋಷಕರದು ವಿವೇಕವೇ. ದೂರದ ನೆಂಟರ ನೆಂಟರೆಲ್ಲ ಸೇರಿ ಇನ್ನೂರು ಜನರಿರುವ ಗುಂಪನ್ನೂ ಸಾರ್ವಜನಿಕ ಎಂದೇ ಎಣಿಸಬೇಕು. ಆದ್ದರಿಂದ ಹಂಚುವ ಪ್ರತಿ ಸ್ಪಷ್ಟವಾಗಿರಲೇಬೇಕೆಂದು ಹಟ ಹಿಡಿಯಲಾಗದು. ತೆಗೆಯುವಾಗ ಸ್ಪಷ್ಟವಾಗಿರಲಿ, ಮನೆಯಲ್ಲಿ ಉಳಿಯುವ ಪ್ರತಿಯಲ್ಲಿ ಎಲ್ಲವೂ ಇರಲಿ. ಹೊರಗೆ ಹೋಗುವುದನ್ನು ಬೇಕಾದರೆ ಮಸುಕಾಗಿಸಿ. ಅನೇಕ ಫೋನುಗಳಲ್ಲಿ ಆ ಮಸುಕನ್ನು ಆಮೇಲೆ ತೆಗೆಯಬಹುದು, ಆದರೆ ಒಮ್ಮೆ ವಾಟ್ಸ್‌ಆ್ಯಪ್ ದಾಟಿದ ಪ್ರತಿಯಲ್ಲಿ ಅದು ಸಾಧ್ಯವಿಲ್ಲ.

ಇದನ್ನು ಪ್ರಯೋಗಿಸಿ ನೋಡಲು ದೆಹಲಿ ಕನ್ನಡಿಗರಿಗೆ ಅನುಕೂಲವಿದೆ. ಕರ್ನಾಟಕ ಸಂಘದ ಸಭಾಂಗಣದಲ್ಲಿ ಯಕ್ಷಗಾನ, ನಾಟಕ, ಸನ್ಮಾನ ನಡೆಯುವ ಹಾಗೆ ಒಂದು ಸಂಜೆ ಹಳೆಯ ಕ್ವಾರ್ಟರ್ಸ್‌ಗಳ ಫೋಟೊ ತೋರಿಸಬಹುದು. ಸಲೂನಿನ ಕ್ರಮವನ್ನು ತಿರುವುಮುರುವು ಮಾಡಿ, ಪ್ರತಿ ಚಿತ್ರವನ್ನೂ ಹತ್ತು ನಿಮಿಷ ಪರದೆಯ ಮೇಲೆ ಬಿಟ್ಟು, ತೆಗೆದವರ ಹೆಸರು ಮೊದಲೇ ಹೇಳಿ, ಹಿರಿಯರು ಹಿಂದೆ ಕಾಣುವುದನ್ನು ಒಂದೊಂದಾಗಿ ಗುರುತಿಸಲಿ. ಹೊಗಳುವುದಕ್ಕೆ ಆ ಸಂಜೆ ಬಿಡುವು ಕೊಡಬಹುದು. ಈ ವರ್ಷ ಮನೆ ಖಾಲಿ ಮಾಡುತ್ತಿರುವವರು ಅಷ್ಟರವರೆಗೂ ಕಾಯಬೇಕಿಲ್ಲ. ಹತ್ತು ಹೆಜ್ಜೆ ಹಿಂದೆ ಸರಿದು ಬಾಗಿಲು, ಮೆಟ್ಟಿಲು, ಮರ ಸೇರಿಸಿ ತೆಗೆದು, ಬ್ಲಾಕು, ಕ್ವಾರ್ಟರ್ ಸಂಖ್ಯೆ, ತಿಂಗಳು, ವರ್ಷವನ್ನು ಜೊತೆಗೇ ಬರೆದಿಡಿ. ಫೋಟೊ ಆಗಿ ಕಳಿಸಿದಾಗ ಅದರೊಳಗಿನ ದಿನಾಂಕ, ಸ್ಥಳದ ಮಾಹಿತಿಯನ್ನು ವಾಟ್ಸ್‌ಆ್ಯಪ್ ತೆಗೆದುಹಾಕುತ್ತದೆ. ಮನೆಯವರಿಗೆ ಉಳಿಸಿಕೊಳ್ಳಲೆಂದು ಕೊಡುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಅದು ಹಾಗೆಯೇ ಉಳಿದಿರುತ್ತದೆ.